ಮೊಗಲಾಯಿಗೆ ಹೋದವನ ಮನೆ: ವಂಶ ಹುಡುಕುವವನ ಅನುಭವದ ಪಾಠಗಳು

ತಾಂಡೂರು ಹತ್ತಿರದ ಪೆದ್ದೆಮುಲ್ ಕಡೆಯ ಯಾವುದಾದರೂ ಮನೆಯ ಕಟ್ಟೆ ಮೇಲೆ ಕೂತು, "ನಿಮ್ಮ ಮುತ್ಯಾನ ಹೆಸರೇನು, ಅವರಪ್ಪನ ಹೆಸರೇನು" ಅಂತ ಕೇಳಿ ನೋಡಿ. ಮೊದಲು ಚಹಾ ಬರುತ್ತದೆ. ಎರಡನೇ ಪ್ರಶ್ನೆಗೆ ಬರುವ ಹೊತ್ತಿಗೆ ಮನೆಯ ಹಿರಿಮಗ ಒಳಗಿನಿಂದ ಎದ್ದು ಬಂದು ಪಕ್ಕದಲ್ಲಿ ಕೂರುತ್ತಾನೆ. "ಯಾಕ್ರಿ ಮಾಸ್ತರ, ಸರ್ವೆ ನಂಬರಿನ ಮಾತೇನರೆ ಅದಾ?" ಅನ್ನುತ್ತಾನೆ. ನಮ್ಮ ಸೀಮೆಯಲ್ಲಿ ಅಜ್ಜನ ಹೆಸರು ಕೇಳುವವರು ಇಬ್ಬರೇ: ಸಂಬಂಧ ಕುದುರಿಸುವವರು, ಇಲ್ಲವೇ ಜಮೀನಿಗೆ ಕಣ್ಣು ಹಾಕಿದವರು. ನಾನು ಎರಡೂ ಅಲ್ಲ ಅಂತ ನಂಬಿಸುವುದಕ್ಕೇ ಎಷ್ಟೋ ಮನೆಗಳಲ್ಲಿ ಮೂರು ಸಲ ಚಹಾ ಕುಡಿದಿದ್ದೇನೆ.

ಸಾಲಿ ಮಾಸ್ತರಿಕೆ ಮುಗಿಸಿದ ಮೇಲೆ ಹಿಡಿದ ಹುಚ್ಚು ಇದು. ತಾಂಡೂರು, ಜಹೀರಾಬಾದ್, ನಾರಾಯಣಖೇಡ ಸುತ್ತಿನ ಕನ್ನಡ ಮನೆತನಗಳಲ್ಲಿ ಬಹಳಷ್ಟು ಇಲ್ಲಿಯವೇ. ಕೆಲವು ಮಾತ್ರ ನಿಜಾಮರ ಕಾಲದಲ್ಲಿ ಬ್ರಿಟಿಷರ ಮುಂಬಯಿ ಇಲಾಖೆಯಿಂದ ಗಡಿ ದಾಟಿ ನಿಜಾಮರ ರಾಜ್ಯಕ್ಕೆ, ಅಂದರೆ ಆ ಕಡೆಯವರ ಬಾಯಲ್ಲಿ ಮೊಗಲಾಯಿಗೆ, ಬಂದವು. ಕೆಳಗಿನ ಪಾಠಗಳ ಬಹುಪಾಲು ಅಂಥದೊಂದು ಲಿಂಗವಂತ ನೇಕಾರ ಮನೆತನದ ಬೆನ್ನು ಹತ್ತಿ ಕಲಿತದ್ದು. ಅವರ ಮನೆಯಲ್ಲಿ ಮಗ್ಗ ನಿಂತು ಎರಡು ತಲೆಮಾರಾಯಿತು, ಈಗ ಬಟ್ಟೆ ಅಂಗಡಿ ಇದೆ. ಹೆಸರು ಬರೆಯುವುದಿಲ್ಲ.

1. ಮೊದಲು ನೋಡಬೇಕಾದದ್ದು: ಬಂದದ್ದು ಮನೆತನವೋ, ಗಡಿಯೋ?

ತಾಂಡೂರು ತಾಲ್ಲೂಕು 1956ರ ನವೆಂಬರ್ 1ರವರೆಗೆ ಗುಲಬರ್ಗಾ ಜಿಲ್ಲೆಯಲ್ಲಿತ್ತು. ಕೊಡಂಗಲ್ ಕೂಡ. ನಾರಾಯಣಖೇಡ ತಾಲ್ಲೂಕು, ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಜಹೀರಾಬಾದ್ ತಾಲ್ಲೂಕು, ನ್ಯಾಲ್ಕಲ್ ಸರ್ಕಲ್, ಇವೆಲ್ಲ ಬೀದರ್ ಜಿಲ್ಲೆಯವು. ರಾಜ್ಯ ಪುನರ್ವಿಂಗಡಣೆಯಾದ ದಿನ ಇವು ಆಂಧ್ರಪ್ರದೇಶಕ್ಕೆ ಸೇರಿದವು. ಹಿಂದಿನ ರಾತ್ರಿ ಮಲಗಿದ ಮನೆಯಲ್ಲೇ ಎದ್ದವರು ಮರುದಿನ "ಕರ್ನಾಟಕದಿಂದ ಬಂದವರು" ಅನ್ನಿಸಿಕೊಂಡರು. ಹಾಗಾಗಿ ಯಾರಾದರೂ "ನಮ್ದು ಗುಲಬರ್ಗಾ ಜಿಲ್ಲಾ ರಿ" ಅಂದರೆ ನಾನು ಕೂಡಲೇ ಬರೆದುಕೊಳ್ಳುವುದಿಲ್ಲ. ಅವರ ಅಜ್ಜ ಗುಲಬರ್ಗಾ ಊರನ್ನೇ ನೋಡದಿರಬಹುದು, ಅವರ ಶಾಲೆಯ ದಾಖಲೆಯಲ್ಲಿ ಜಿಲ್ಲೆಯ ಹೆಸರು ಹಾಗಿರಬಹುದು, ಅಷ್ಟೇ.

ಇದರ ಬಾಲ ಇನ್ನೂ ಉದ್ದವಿದೆ. ತಾಂಡೂರಿನ ಒಂದೇ ಮನೆ ಗುಲಬರ್ಗಾ, ಹೈದರಾಬಾದ್, ರಂಗಾರೆಡ್ಡಿ, 2016ರಿಂದ ವಿಕಾರಾಬಾದ್ ಹೀಗೆ ನಾಲ್ಕು ಜಿಲ್ಲೆಗಳನ್ನು ಕಂಡಿದೆ. ಕಾಗದ ಊರಿನ ಹಿಂದೆ ಹೋಗುವುದಿಲ್ಲ, ಕಚೇರಿಯ ಹಿಂದೆ ಹೋಗುತ್ತದೆ. 1950ರ ಹಿಂದಿನ ದಾಖಲೆಗೆ ವಿಕಾರಾಬಾದಿನಲ್ಲಿ ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾದವರನ್ನು ಕಂಡಿದ್ದೇನೆ. ಯಾವ ಇಸವಿಯಲ್ಲಿ ಆ ಊರು ಯಾವ ಜಿಲ್ಲೆಯಲ್ಲಿತ್ತು ಅನ್ನುವ ಒಂದು ಪಟ್ಟಿ ಬರೆದು ಚೀಲದಲ್ಲಿಟ್ಟುಕೊಳ್ಳಿ. ಅರ್ಧ ಓಡಾಟ ಉಳಿಯುತ್ತದೆ.

2. ಊರಿನ ಹೆಸರಿಗಿಂತ ಮನೆದೇವರ ಹೆಸರು ಗಟ್ಟಿ.

ತಾಂಡೂರಿನ ದೊಡ್ಡ ಜಾತ್ರೆ ಭಾವಿಗಿ ಭದ್ರೇಶ್ವರನದು. ಭಾವಿಗಿ ಇರುವುದು ಬೀದರ್ ಕಡೆ. ದೇವರೇ ಬಿಟ್ಟುಬಂದ ಊರಿನ ಹೆಸರನ್ನು ಅಡ್ಡಹೆಸರಾಗಿ ಹೊತ್ತು ಕೂತಿದ್ದಾನೆ. ಮನುಷ್ಯರಿಗೆ ಅಷ್ಟು ಧೈರ್ಯವಿಲ್ಲ. ಇಲ್ಲಿಗೆ ಬಂದು ನೆಲೆ ನಿಂತವರು ಮೊದಲು ಬಿಡುವುದು ಅಡ್ಡಹೆಸರು. ತೆಲುಗರ ನಡುವೆ ಇಂಟಿಪೇರು ಮುಂದೆ ಬರಬೇಕು, ನಮ್ಮದು ಹಿಂದೆ ಬರುತ್ತದೆ. ಶಾಲೆಯ ಗುಮಾಸ್ತ ಒಂದಕ್ಷರಕ್ಕೆ ಇಳಿಸಿಬಿಡುತ್ತಾನೆ. ಆದರೆ ಮದುವೆಯಾದ ವರ್ಷ ಜೋಡಿಯನ್ನು ಯಾವ ಗುಡಿಗೆ ಕರೆದೊಯ್ಯುತ್ತಾರೆ, ಕೂಸಿನ ಜವಳ ಎಲ್ಲಿ ತೆಗೆಸುತ್ತಾರೆ ಎಂಬುದು ಸುಲಭಕ್ಕೆ ಬದಲಾಗುವುದಿಲ್ಲ.

ನಮ್ಮ ನೇಕಾರ ಮನೆಯವರು ಗುಡಿಗೆ ಹೋಗುವುದನ್ನೂ ಬಿಟ್ಟಿದ್ದರು. "ಝರಾಸಂಗಮದ ಕೇತಕಿ ಸಂಗಮೇಶ್ವರಗ ನಡಕೋತೀವಿ" ಅಂದರು. ಅದು ಈ ಸೀಮೆಯವರೆಲ್ಲ ನಡೆದುಕೊಳ್ಳುವ ದೇವರು, ಅದರಿಂದ ಏನೂ ಗೊತ್ತಾಗುವುದಿಲ್ಲ. ಸುಳಿವು ಸಿಕ್ಕಿದ್ದು ಅಡುಗೆಮನೆಯಲ್ಲಿ. ಸಂಕ್ರಾಂತಿಯ ಆಸುಪಾಸಿಗೆ ಒಂದು ದಿನ ಸಿಕ್ಕಷ್ಟು ತರಕಾರಿ, ಸೊಪ್ಪು, ಕಾಳು ಎಲ್ಲ ಬೇರೆ ಬೇರೆ ಪಲ್ಯ ಮಾಡಿ ಎಡೆ ಇಡುತ್ತಿದ್ದರು. ನಾನು ಭೋಗಿ ಅಂದುಕೊಂಡೆ. ಭೋಗಿಗೆ ಎಲ್ಲ ಮನೆಯಲ್ಲೂ ಸಜ್ಜೆ ರೊಟ್ಟಿ, ಬೆರಕೆ ಪಲ್ಯ ಇರುತ್ತದಲ್ಲ. ಎರಡು ವರ್ಷ ಹಾಗೇ ಅಂದುಕೊಂಡೆ. ಮೂರನೇ ವರ್ಷ ಭೋಗಿ ಮುಗಿದು ಎಷ್ಟೋ ದಿನದ ಮೇಲೆ ಹೋದಾಗ ಅದೇ ಪಲ್ಯಗಳ ಸಾಲು ಕಂಡೆ. "ಭೋಗಿ ಆತಲ್ಲವಾ?" ಅಂದರೆ ಸೊಸೆ, "ಅದು ಬ್ಯಾರೆ, ಇದು ಬ್ಯಾರೆ. ಇದು ಹುಣ್ಣಿಮಿಂದು" ಅಂದಳು. ಭೋಗಿ ಸೂರ್ಯನ ಲೆಕ್ಕದ್ದು, ಜನವರಿ ನಡುವೆ ಕದಲದೆ ಕೂತಿರುತ್ತದೆ. ಇದು ಚಂದ್ರನ ಲೆಕ್ಕದ್ದು. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿಯ ಜಾತ್ರೆ. ಅದಕ್ಕೆ ಮೊದಲು ನೂರೆಂಟು ತರಕಾರಿಯ ನೈವೇದ್ಯದ ಪಲ್ಲೇದ ಹಬ್ಬ. ಮನೆಯವರಿಗೆ ಬನಶಂಕರಿಯ ಹೆಸರೇ ಗೊತ್ತಿರಲಿಲ್ಲ. ಅತ್ತೆಯಂದಿರು ಸೊಸೆಯಂದಿರಿಗೆ ಪಲ್ಯ ಕಲಿಸಿದ್ದರು, ದೇವಿಯ ಹೆಸರು ಕಲಿಸಿರಲಿಲ್ಲ.

ಅಂದಿನಿಂದ ನಾನು ಪಡಸಾಲೆಯಲ್ಲಿ ಅರ್ಧ ಗಂಟೆ ಕೂತರೆ ಅಡುಗೆಮನೆ ಬಾಗಿಲಲ್ಲಿ ಒಂದು ಗಂಟೆ ಕೂರುತ್ತೇನೆ.

3. "ನಾವು" ಅಂದರೆ ಯಾರು, ಸಂವತ್ಸರ ಅಂದರೆ ಯಾವುದು?

ಆ ಮನೆಯ ಹಿರಿಯಾಕೆಯನ್ನು ನಾನು ಕಂಡಾಗ ಅವರಿಗೆ ಎಂಬತ್ತು ದಾಟಿತ್ತು. "ಧಾತು ವರ್ಷದಾಗ ನಾವು ಗುಳೆ ಬಂದ್ವಿ" ಅಂದರು. ನಾನು ಪಂಚಾಂಗದ ಲೆಕ್ಕ ಹಾಕಿದೆ: ಧಾತು ಅಂದರೆ 1936-37. ಅವರ ವಯಸ್ಸಿಗೆ ಸರಿಹೊಂದಿತು. 1346ನೇ ಫಸಲಿಯ, ಅಂದರೆ ನಿಜಾಮರ ಕಂದಾಯ ವರ್ಷದ, ಕಾಗದಗಳಲ್ಲಿ ಈ ಮನೆತನವನ್ನು ಹುಡುಕುತ್ತ ಎರಡು ವರ್ಷ ಕಳೆದೆ.

ಅವರು ಹೇಳಿದ್ದು ಅದರ ಹಿಂದಿನ ಧಾತು, 1876-77. ಅವರು ಹುಟ್ಟಿಯೇ ಇರಲಿಲ್ಲ, ಅವರ ಅತ್ತೆಯೂ ಹುಟ್ಟಿರಲಿಲ್ಲ. ನಮ್ಮ ಮುದುಕಿಯರ ಬಾಯಲ್ಲಿ "ನಾವು" ಅಂದರೆ ತಾನಲ್ಲ, ಮನೆತನ. ಸತ್ತವರೂ ಅದರಲ್ಲಿ ಇರುತ್ತಾರೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುವ ಲೆಕ್ಕ, ಅದರ ಜೊತೆಗೆ ಈ "ನಾವು". ಎರಡೂ ಸೇರಿದರೆ ಎಂಥವನೂ ಜಾರಿ ಬೀಳುತ್ತಾನೆ.

ಧಾತು, ಅದರ ಮರುವರ್ಷ ಈಶ್ವರ. ಆ ಬರಗಾಲ ದಕ್ಷಿಣ ಭಾರತವನ್ನೆಲ್ಲ ಹಿಂಡಿತು. ಮುಂಬಯಿ ಇಲಾಖೆಯ ಕಲಾದಗಿ ಜಿಲ್ಲೆಯಲ್ಲಿ 1872ರ ಜನಗಣತಿಯಲ್ಲಿ 8 ಲಕ್ಷದ ಮೇಲೆ ಜನರಿದ್ದರು. 1881ರಲ್ಲಿ ಉಳಿದದ್ದು 6 ಲಕ್ಷ 38 ಸಾವಿರ. ಕಾಣೆಯಾದವರಲ್ಲಿ ಸತ್ತವರೆಷ್ಟು, ಗುಳೆ ಹೋದವರೆಷ್ಟು ಎಂದು ಆ ಅಂಕಿ ಹೇಳುವುದಿಲ್ಲ. ಹೊಟ್ಟೆಗೇ ಇಲ್ಲದಾಗ ಸೀರೆ, ಖಣ ಕೊಳ್ಳುವವರು ಯಾರು? ಒಕ್ಕಲಿಗನ ಹೊಲ ಒಣಗಿದ ಕೂಡಲೇ ನೇಕಾರನ ಮಗ್ಗವೂ ನಿಂತಿತು. ಗುಳೇದಗುಡ್ಡ, ಇಳಕಲ್ಲಿನಂಥ ಊರುಗಳಿಂದ ಕೃಷ್ಣೆ ದಾಟಿದವರ ಕಥೆ ಇದು.

ಫಸಲಿಯ ಬಗ್ಗೆ ಎರಡು ಮಾತು. ಹೈದರಾಬಾದಿನ ಫಸಲಿಗೆ 591 ಕೂಡಿಸಿದರೆ ಇಸವಿ ಬರುತ್ತದೆ, ಆದರೆ ವರ್ಷದ ಮೊದಲ ಮೂರು ತಿಂಗಳಿಗೆ 590 ಕೂಡಿಸಬೇಕು. ಆಜುರ್ ತಿಂಗಳು ಶುರುವಾಗುವುದು ಅಕ್ಟೋಬರ್ ಮೊದಲ ವಾರದಲ್ಲಿ. ಮದರಾಸು ಕಡೆಯ ಫಸಲಿ ಜುಲೈ 1ಕ್ಕೆ ಶುರು. ಎರಡನ್ನೂ ಒಂದೇ ಅಂದುಕೊಂಡು ತಂದೆಗಿಂತ ಮೊದಲು ಮಗನನ್ನು ಹುಟ್ಟಿಸಿದ ವಂಶವೃಕ್ಷವೊಂದನ್ನು ನೋಡಿದ್ದೇನೆ. ಬರೆದವನು ನಾನೇ.

4. ತಂಗಿದ ಊರನ್ನು ಮೂಲ ಅಂದುಕೊಳ್ಳಬೇಡಿ.

"ನಮ್ದು ನಾರಾಯಣಪ್ಯಾಟಿ" ಅಂತ ಗಂಡಸರೆಲ್ಲ ಒಂದೇ ಬಾಯಲ್ಲಿ ಹೇಳುತ್ತಿದ್ದರು. ನಾರಾಯಣಪೇಟೆ ಸೀರೆಗೆ ಹೆಸರಾದ ಊರು, ಅಲ್ಲಿ ಕನ್ನಡವೂ ಉಂಟು, ಮನೆತನ ನೇಕಾರರದು. ಎಲ್ಲ ಹೊಂದಿಕೆಯಾಗಿತ್ತು, ಅದಕ್ಕೇ ಮೋಸ ಹೋದೆ. ಗುಳೆ ಬಂದವರು ಒಂದೇ ಹಾರಿಕೆಗೆ ಬಂದು ಇಳಿಯುವುದಿಲ್ಲ. ಕೆಲಸ ಗೊತ್ತಿರುವ ಊರಲ್ಲಿ ಹತ್ತು ವರ್ಷ ಇರುತ್ತಾರೆ, ಅಲ್ಲಿ ಕೂಲಿ ಇಳಿದರೆ ಮುಂದೆ ಹೊರಡುತ್ತಾರೆ. ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು 1874ರಲ್ಲೇ ಓಡಿತ್ತು, ತಾಂಡೂರು ಆ ದಾರಿಯ ನಿಲ್ದಾಣ. ರೈಲು ಬಂದ ಕಡೆ ಬಜಾರು, ಬಜಾರಿದ್ದ ಕಡೆ ಬಟ್ಟೆ. ಈ ಮನೆತನ ನಾರಾಯಣಪೇಟೆಯಿಂದ ತಾಂಡೂರಿಗೆ, ಅಲ್ಲಿಂದ ಪೆದ್ದೆಮುಲ್ಲಿಗೆ ಬಂತು. ನೆನಪಿನಲ್ಲಿ ಉಳಿಯುವುದು ಹೊರಟ ಊರಲ್ಲ, ಕೊನೆಯ ಸಲ ಬಿಟ್ಟ ಊರು.

ಮಾತಿನಲ್ಲೂ ಸುಳಿವಿತ್ತು. ಹಿರಿಯಾಕೆ ಮಗ್ಗದ ಮಾತು ಬಂದಾಗ ಹಾಸು, ಹೊಕ್ಕು, ಕಂಡಿಕೆ, ಲಾಳಿ ಅನ್ನುತ್ತಿದ್ದರು. ಮಿಕ್ಕ ಮಾತಿಗೆಲ್ಲ ತೆಲುಗು ಬೆರೆತಿತ್ತು, ಮಗ್ಗದ ಮಾತಿಗೆ ಮಾತ್ರ ಒಂದಕ್ಷರವೂ ಸೋಂಕಿರಲಿಲ್ಲ. ಕಸುಬಿನ ಮಾತನ್ನು ಪಡುವಣದ ನೇಕಾರರ ಮುಂದೆ ಆಡಿ ತೋರಿಸಿ ಅಂತ ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಎಷ್ಟೋ ಬಸ್ ಚಾರ್ಜು ಉಳಿಯುತ್ತಿತ್ತು.

5. ಕಾಗದದಲ್ಲಿ ಇರುವವನಿಗಿಂತ ಬಿಟ್ಟುಹೋದವನನ್ನು ಹುಡುಕಿ.

ನಿಜಾಮರ ರಾಜ್ಯದಲ್ಲಿ ವಂಶದ ಪಟ್ಟಿ ಸಿಗುವುದು ಪ್ರೀತಿಯಿಂದ ಬರೆದ ಕಡೆಯಲ್ಲ, ಜಗಳವಾದ ಕಡೆ. ಪಟ್ಟಾದಾರ ಸತ್ತರೆ ವಿರಾಸತ್ ಕಾರ್ವಾಯಿ, ಅಂದರೆ ವಾರಸುದಾರಿಕೆಯ ವಿಚಾರಣೆ. ಇನಾಮ ಜಮೀನಾದರೆ ಮುಂತಖಬ್, ಅದರ ಜೊತೆ ಶಜರಾ. ಶಜರಾ ಅಂದರೆ ವಂಶವೃಕ್ಷವೇ. ಮೊದಲ ಸಲ ಒಂದನ್ನು ಕಂಡಾಗ ನಿಧಿ ಸಿಕ್ಕಿತು ಅನ್ನಿಸಿತ್ತು. ಆಮೇಲೆ ಬುದ್ಧಿ ಬಂತು. ಅದನ್ನು ಬರೆಸಿದವನು ಹಕ್ಕು ಕೇಳುವವನು. ತನ್ನ ಎದುರಾಳಿ ತಮ್ಮನನ್ನು, ಮೊದಲ ಹೆಂಡತಿಯ ಮಗನನ್ನು, ಊರು ಬಿಟ್ಟ ದಾಯಾದಿಯನ್ನು ಅವನು ಬರೆಸುವುದಿಲ್ಲ. ಹಾಗಾಗಿ ಶಜರಾದ ಪಕ್ಕದಲ್ಲಿ ತಕರಾರು ಅರ್ಜಿ ಇದೆಯೇ ನೋಡಬೇಕು. ಬಿಟ್ಟವರೆಲ್ಲ ಅಲ್ಲಿರುತ್ತಾರೆ.

ನೇಕಾರರಿಗೆ ಜಮೀನಿರಲಿಲ್ಲ, ಹಾಗಾಗಿ ಇವೆಲ್ಲ ಇಲ್ಲ. ಇವರದು ಸಿಕ್ಕಿದ್ದು ಒಂದು ಸಾಲದ ದಾವೆಯಲ್ಲಿ, 1310ರ ಆಸುಪಾಸಿನ ಫಸಲಿ, ಅಂದರೆ 1900ರ ಸುಮಾರು. ಗುಳೆ ಬಂದವನ ಮಗ ತನ್ನ ತಂದೆಯ ಮೂಲ ಹೇಳುತ್ತ "ಜಿಲ್ಲಾ ಕಲಾದಗಿ, ಇಲಾಖಾ ಅಂಗ್ರೇಜಿ" ಅಂತ ಬರೆಸಿದ್ದ. ಆ ಹೊತ್ತಿಗೆ ಕಲಾದಗಿ ಎಂಬ ಜಿಲ್ಲೆ ಇರಲೇ ಇಲ್ಲ. 1880ರ ದಶಕದ ನಡುವೆ ಜಿಲ್ಲಾ ಕಚೇರಿ ಬಿಜಾಪುರಕ್ಕೆ ಹೋಗಿ, ಜಿಲ್ಲೆಯ ಹೆಸರೂ ಬಿಜಾಪುರವಾಗಿತ್ತು. ಮನೆ ಬಿಟ್ಟವನ ಭೂಗೋಳ ಬಿಟ್ಟ ದಿನಕ್ಕೇ ನಿಂತುಬಿಡುತ್ತದೆ. ಹಳೆಯ ಹೆಸರು ತಪ್ಪಲ್ಲ, ಅದು ತಾರೀಖು. ಆ ಒಂದು ಪದ 1936ರ ನನ್ನ ಲೆಕ್ಕವನ್ನೆಲ್ಲ ಮಗುಚಿ ಹಾಕಿತು.

ಅದೇ ದಾವೆಯಲ್ಲಿ ಸಾಲದ ಮೊತ್ತ ಕಲ್ದಾರ್ ರೂಪಾಯಿಯಲ್ಲಿತ್ತು, ನಮ್ಮ ಹಾಲಿ ಸಿಕ್ಕದಲ್ಲಿ ಅಲ್ಲ. ಬ್ರಿಟಿಷ್ ನಾಣ್ಯ ಅದು. ಪೆದ್ದೆಮುಲ್ಲಿನಲ್ಲಿ ಕೂತ ನೇಕಾರನಿಗೆ ಕಲ್ದಾರಿನಲ್ಲಿ ಸಾಲ ಅಂದರೆ ನೂಲು ಗಡಿಯಾಚೆಯಿಂದ ಬರುತ್ತಿತ್ತು, ಸಂಬಂಧ ಪೂರಾ ಕಡಿದಿರಲಿಲ್ಲ ಅಂತ ನನ್ನ ಊಹೆ. ಊಹೆ ಅಂತಲೇ ಇಟ್ಟುಕೊಂಡಿದ್ದೇನೆ.

ಉರ್ದು ಬರುತ್ತದೆ ಅಂತ ಜಂಬ ಬೇಡ. ಕಚೇರಿಯ ಶಿಕಸ್ತಾ ಬರಹ ಬೇರೆಯೇ ವಿದ್ಯೆ. ಉರ್ದುವಿನಲ್ಲಿ ಹ್ರಸ್ವ ಸ್ವರ ಬರೆಯುವುದಿಲ್ಲ. ಚೆನ್ನಪ್ಪ, ಚಿನ್ನಪ್ಪ, ಚಂಪಾ ಮೂವರೂ ಒಂದೇ ಥರ ಕಾಣುತ್ತಾರೆ. ಓದುವ ಮುನ್ಷಿ ತೆಲುಗನಾದರೆ ಚಿನ್ನಪ್ಪ ಅನ್ನುತ್ತಾನೆ, ನಾನಾದರೆ ಚೆನ್ನಪ್ಪ. ಅನುವಾದ ಮಾಡಿಸಿಕೊಂಡು ಮೂಲವನ್ನು ಬಿಟ್ಟುಬಂದವರು ಎರಡನೇ ಸಲ ಹೋಗಬೇಕಾಗುತ್ತದೆ. ತಾರ್ನಾಕಾದ ರಾಜ್ಯ ಪತ್ರಾಗಾರಕ್ಕೆ ಹೋಗುವವರು ಫಸಲಿ, ತಾಲ್ಲೂಕು, ಮೊಕದ್ದಮೆಯ ಬಗೆ, ಇಷ್ಟನ್ನು ಬರೆದುಕೊಂಡೇ ಹೋಗಿ. "ನಮ್ಮ ಅಜ್ಜನ ಬಗ್ಗೆ ಏನಾದರೂ ಇದೆಯಾ" ಅಂದರೆ ಯಾರಿಗೂ ಉತ್ತರ ಗೊತ್ತಿರುವುದಿಲ್ಲ.

ಇನ್ನೊಂದು: ಜಮೀನಿದ್ದ ಮನೆಗಳಿಗೆ 1954-55ರ ಖಾಸ್ರಾ ಪಹಣಿ ಮರೆಯಬೇಡಿ. ಪಟ್ಟಾದಾರ ಒಂದು ಕಾಲಂ, ಕಬ್ಜಾದಾರ ಇನ್ನೊಂದು. ಪಟೇಲ್ ಪಟ್ವಾರಿ ಪದ್ಧತಿ 1984ರಲ್ಲಿ ಹೋದಾಗ ಎಷ್ಟೋ ದಫ್ತರು ಅವರ ಮನೆಯ ಅಟ್ಟದಲ್ಲೇ ಉಳಿದವು. ಅಟ್ಟ ಇಳಿಸುವಾಗ ಹಳೆಯ ಪೇಪರಿನವನಿಗೆ ತೂಕಕ್ಕೆ ಹೋದದ್ದೆಷ್ಟೋ.

6. ಅಜ್ಜನ ಹೆಸರು ಮೊಮ್ಮಗನಿಗೆ.

ಇದು ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಬೀಳುತ್ತಾರೆ. ಒಂದು ತಲೆ ಬಿಟ್ಟು ಒಂದು ತಲೆಗೆ ಅದೇ ಹೆಸರು, ಅದೇ ತಂದೆ ಹೆಸರು. ಫಸಲಿ 1290ರ ಬಸಪ್ಪ, 1340ರ ಬಸಪ್ಪ ಇಬ್ಬರನ್ನೂ ಒಬ್ಬನೇ ಮಾಡಿ, ಎರಡು ತಲೆಮಾರನ್ನು ನುಂಗಿದ್ದೆ. ಹೆಂಡತಿಯ ಹೆಸರು ಸಿಗುವ ತನಕ ಯಾವ ಇಬ್ಬರನ್ನೂ ಒಬ್ಬನೆನ್ನಬೇಡಿ.

7. ಹೆಂಗಸರ ದಾರಿ ಹಿಡಿಯದಿದ್ದರೆ ಅರ್ಧ ವಂಶ ಹೋಯಿತು.

ಸುರಪುರದ ಟೇಲರ್ ಮಂಜಿಲ್ ನೋಡಿದವರಿಗೆ ಮೆಡೋಸ್ ಟೇಲರ್ ಗೊತ್ತು. ಲಿವರ್ಪೂಲಿನಲ್ಲಿ 1808ರಲ್ಲಿ ಹುಟ್ಟಿ, ಹದಿನೈದನೇ ವಯಸ್ಸಿಗೆ ಮುಂಬಯಿಗೆ ಹಡಗಿಳಿದು, ನಿಜಾಮರ ಸೇನೆ ಸೇರಿ, ಸುರಪುರದ ಎಳೆಯ ರಾಜನ ಪರವಾಗಿ ಆಡಳಿತ ನಡೆಸಿದವನು. ಅವನ ವಂಶ ಹುಡುಕುವುದು ಸುಲಭ. ಆತ್ಮಕಥೆ ಇದೆ, ಅವನು ತೀರಿದ ಮರುವರ್ಷ 1877ರಲ್ಲಿ ಮಗಳು ಆಲಿಸ್ ಅದನ್ನು ಅಚ್ಚು ಮಾಡಿಸಿದಳು. ಪೂರಾ ಇಂಗ್ಲಿಷ್ ಮನೆತನ ಅನ್ನಿಸುತ್ತದೆ. ಅವನ ಹೆಂಡತಿಯ ಕಡೆ ತಿರುಗಿ ನೋಡಿ. ಮೇರಿ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು. ಆ ಪಾಮರನ ತಾಯಿ ಫೈಜ್ ಬಖ್ಷ್ ಬೇಗಂ. ಸುರಪುರದ "ಟೇಲರ್ ಸಾಹೇಬ"ನ ಮಕ್ಕಳಿಗೆ ಒಬ್ಬ ಮುತ್ತಜ್ಜಿ ಮುಸ್ಲಿಂ ಬೇಗಂ. ಗಂಡಸರ ಗೆರೆಯಲ್ಲೇ ಮೇಲೆ ಹತ್ತಿದವನಿಗೆ ಇದು ಕಾಣುವುದೇ ಇಲ್ಲ.

ದೊಡ್ಡವರಲ್ಲೇ ಹೀಗಾದರೆ ನಮ್ಮ ನೇಕಾರನ ಮನೆಯಲ್ಲಿ? ಗುಳೆ ಬಂದವನ ಹೆಂಡತಿಯ ತವರು ಯಾವುದು ಅಂತ ಯಾವ ಕಾಗದವೂ ಹೇಳಲಿಲ್ಲ. ಹೇಳಿದ್ದು ಒಂದು ಖಣ. ಟ್ರಂಕಿನ ತಳದಲ್ಲಿ ಮಡಿಸಿಟ್ಟ ಕುಪ್ಪಸದ ತುಂಡು, ಮದುವೆಯಲ್ಲಿ ಹೊಸ ಸೊಸೆಗೆ ಒಮ್ಮೆ ಮುಟ್ಟಿಸಿ ಮತ್ತೆ ಒಳಗಿಡುತ್ತಿದ್ದರು. ಗುಳೇದಗುಡ್ಡದಲ್ಲಿ ಹಳೆಯ ನೇಕಾರರೊಬ್ಬರು ಅದರ ಫೋಟೊ ನೋಡಿ, "ಇದು ನಮ್ಮೂರಿನ ಕೈ" ಅಂದರು. ಇದನ್ನು ನ್ಯಾಯಾಲಯ ಒಪ್ಪುವುದಿಲ್ಲ. ನಾನು ಒಪ್ಪಿದೆ, ಯಾಕೆಂದರೆ ಹಬ್ಬ, ಮಾತು, ಜಿಲ್ಲೆಯ ಹೆಸರು ಮೂರೂ ಅಷ್ಟೊತ್ತಿಗೆ ಅದೇ ದಿಕ್ಕಿಗೆ ಕೈ ತೋರಿಸಿದ್ದವು.

8. ಸಮುದ್ರ ದಾಟಿದವನಿಗೆ ಚೀಟಿ, ಹೊಳೆ ದಾಟಿದವನಿಗೆ ಇಲ್ಲ.

ಅದೇ ಕಾಲದಲ್ಲಿ ಕರಾರು ಕೂಲಿಗಳಾಗಿ ಹಡಗು ಹತ್ತಿದವರ ಮೊಮ್ಮಕ್ಕಳ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. 1860ರಿಂದ 1911ರವರೆಗೆ ನಟಾಲಿಗೆ ಹೋದ 1,52,184 ಜನರ ಹಡಗು ಪಟ್ಟಿಗಳಿವೆ. ಫಿಜಿಗೆ ಹೋದ ಸುಮಾರು 60 ಸಾವಿರ ಜನರ ವಲಸೆ ಚೀಟಿಯಲ್ಲಿ ತಂದೆಯ ಹೆಸರು, ಜಾತಿ, ಊರು, ಜಿಲ್ಲೆ ಇವೆ. ಮಾರಿಷಸ್ಸಿನ ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿ ಎಷ್ಟೋ ಮಂದಿಯ ಫೋಟೊ ಕೂಡ ಉಂಟು. ಕೂಲಿಯನ್ನು ಸರಕಿನಂತೆ ಎಣಿಸಿದ್ದರಿಂದ ಉಳಿದ ಕಾಗದ ಅದು, ಆಸೆಪಡಬೇಕಾದದ್ದಲ್ಲ, ನಿಜ. ಆದರೆ ಕಲಾದಗಿಯಿಂದ ಮೊಗಲಾಯಿಗೆ ಹೆಂಡತಿಯ ಕೈ ಹಿಡಿದು ನಡೆದವನನ್ನು ಯಾವ ಚೌಕಿಯವನೂ ಬರೆದುಕೊಳ್ಳಲಿಲ್ಲ.

9. ಮೇಲೆ ಹತ್ತುವುದಕ್ಕಿಂತ ಕೆಳಗಿಳಿಯುವುದು ಕಷ್ಟ.

ಪೂರ್ವಜರು ಸತ್ತವರು, ಇದ್ದಲ್ಲೇ ಇರುತ್ತಾರೆ. ವಂಶಸ್ಥರು ಓಡಾಡುತ್ತಾರೆ. ಈ ಮನೆತನದ ಒಂದು ಕವಲು ಗುಲಬರ್ಗಾದ ಮೆಹಬೂಬ್ ಶಾಹಿ ಮಿಲ್ಲಿಗೆ ಸೇರಿತು, ಇನ್ನೊಂದು ಸೊಲ್ಲಾಪುರದ ಗಿರಣಿಗೆ. ಸೊಲ್ಲಾಪುರದವರು ಮರಾಠಿ ಮಾತಾಡುತ್ತಾರೆ, ಅಡ್ಡಹೆಸರಿಗೆ "ಕರ್" ಸೇರಿಸಿಕೊಂಡಿದ್ದಾರೆ. ಹೈದರಾಬಾದಿನವರು ತೆಲುಗು. ಪುಣೆಯಲ್ಲಿರುವ ಹುಡುಗಿಗೆ ಇಂಗ್ಲಿಷ್ ಬಿಟ್ಟು ಬೇರೆ ಸಲೀಸಿಲ್ಲ. ಎಲ್ಲರನ್ನೂ ಒಂದು ಹಾಳೆಯಲ್ಲಿ ಬರೆಯಲು ಹೋದಾಗ ಲಿಪಿಯೇ ಜಗಳವಾಯಿತು.

ಹುಡುಕುವಾಗ ನನಗೆ ಒದಗಿದ್ದು ಮೂರು: ಲಗ್ನಪತ್ರಿಕೆ, ಮುಯ್ಯಿ ಪುಸ್ತಕ, ಗಿರಣಿ ಕಾರ್ಮಿಕರ ಹಳೆಯ ಗುರುತಿನ ಚೀಟಿ. ಮುಯ್ಯಿ ಪುಸ್ತಕಕ್ಕೆ ನನ್ನ ದೊಡ್ಡ ನಮಸ್ಕಾರ. ಯಾರು ಯಾವ ಊರಿನಿಂದ ಬಂದು ಎಷ್ಟು ಮುಯ್ಯಿ ಓದಿಸಿದರು ಎಂದು ಬರೆದಿಟ್ಟ ಆ ನೋಟುಬುಕ್ಕನ್ನು ಸಾಲ ತೀರಿಸಲು ಜೋಪಾನ ಮಾಡುತ್ತಾರೆ, ವಂಶಾವಳಿಗಾಗಿ ಅಲ್ಲ. ಅದಕ್ಕೇ ಅದರಲ್ಲಿ ಸುಳ್ಳಿಲ್ಲ. ಜನ್ಮದಿನಾಂಕದ ಮಟ್ಟಿಗೆ ಶಾಲಾ ದಾಖಲೆ ನಂಬಬೇಡಿ, ನಮ್ಮ ಕಡೆ ಅರ್ಧ ಊರು ಹುಟ್ಟಿದ್ದು ಜೂನ್ 1ಕ್ಕೆ. ಬರೆದುಕೊಂಡವರಲ್ಲಿ ನಾನೂ ಒಬ್ಬ.

1948ರ ಬಗ್ಗೆ ಮಾತ್ರ ಕೇಳುವ ರೀತಿ ಬೇರೆ. ರಜಾಕಾರರ ಕಾಲದಲ್ಲಿ ಗಡಿಯ ಊರುಗಳ ಜನ ಸೊಲ್ಲಾಪುರ, ಬಿಜಾಪುರದ ಕಡೆ ಓಡಿದರು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಮೇಲೆ ಅನೇಕ ಮುಸ್ಲಿಂ ಮನೆಗಳು ಬರಿದಾದವು. ಎರಡೂ ಕಡೆಯ ಮನೆಗಳಲ್ಲಿ ಆ ವರ್ಷದಲ್ಲಿ ವಂಶವೃಕ್ಷದ ಕೊಂಬೆ ಮುರಿದಿರುತ್ತದೆ. "ಆಮ್ಯಾಲೆ ಏನಾತು?" ಅಂತ ಎರಡನೇ ಸಲ ಕೇಳುವುದಿಲ್ಲ. ಅವರಾಗಿ ಹೇಳಿದರೆ ಪೆನ್ನು ಕೆಳಗಿಡುತ್ತೇನೆ.

10. ಬರೆಯುವ ಮೊದಲು ತಕರಾರು ಇದೆಯಾ ಕೇಳಿ.

ನಾರಾಯಣಖೇಡ ಕಡೆಯ ಒಂದು ಮನೆಗೆ ಚಂದವಾಗಿ ವಂಶವೃಕ್ಷ ಬರೆದು, ಚೌಕಟ್ಟು ಹಾಕಿಸಿ ಕೊಟ್ಟೆ. ಆರು ತಿಂಗಳಲ್ಲಿ ಅದರ ಜೆರಾಕ್ಸ್ ದಾಯಾದಿಯ ವಕೀಲರ ಫೈಲಿನಲ್ಲಿತ್ತು. ಗೋಡೆಯ ಮೇಲಿನ ಚೌಕಟ್ಟು ಇಳಿಯಿತು, ಆ ಮನೆಯ ಚಹಾ ನನಗೆ ನಿಂತಿತು. ಅವರ ಸಿಟ್ಟು ಸರಿಯಾಗಿಯೇ ಇತ್ತು. ಅಂದಿನಿಂದ ಎರಡು ನೋಟುಬುಕ್ಕು ಇಡುತ್ತೇನೆ. ಒಂದು ಮನೆಯವರಿಗೆ ಕೊಡುವುದು. ಇನ್ನೊಂದರಲ್ಲಿ ದತ್ತಕ, ಕೂಡಿಕೆ, ಬಸವಿ ಬಿಟ್ಟವರು, ಜಾತಿ ಮೀರಿ ಮದುವೆಯಾಗಿ ಊರು ಬಿಟ್ಟವರು. ಅದನ್ನು ಯಾರಿಗೂ ಕೊಡುವುದಿಲ್ಲ, ಹೆಂಡತಿಗೆ ಹೇಳಿದ್ದೇನೆ: ನಾನು ಹೋದ ಮೇಲೆ ಓದದೆ ಒಲೆಗೆ ಹಾಕು.

11. ಹೆಳವನನ್ನು ಕಾಯಿರಿ.

ಇದನ್ನು ಮೊದಲ ಪಾಠ ಮಾಡಬೇಕಿತ್ತು. ನಾನು ಕೊನೆಗೆ ಕಲಿತೆ, ಕೊನೆಗೇ ಬರೆಯುತ್ತೇನೆ. ಎತ್ತಿನ ಮೇಲೆ ಗಂಟೆ ಕಟ್ಟಿಕೊಂಡು ಬೆಳಗಾಗುವ ಮೊದಲೇ ಬಾಗಿಲಿಗೆ ಬಂದು ಮನೆಯ ಹಿರಿಯರ ಹೆಸರನ್ನು ಒಪ್ಪಿಸುವ ಹೆಳವರು ಬಿಜಾಪುರ, ಬೆಳಗಾವಿ, ಧಾರವಾಡ ಸೀಮೆಯಲ್ಲಿ ಇನ್ನೂ ಇದ್ದಾರೆ. ಎತ್ತಿನ ಬದಲು ಈಗ ಮೋಟರ್ ಸೈಕಲ್ಲೂ ಉಂಟು. ಅವರಿಗೆ ಮನೆಗಳ ಹಂಚಿಕೆ ಇರುತ್ತದೆ, ಇಂಥ ಮನೆತನ ಇಂಥ ಹೆಳವನಿಗೆ ಅಂತ. ತೆಲುಗರಲ್ಲಿ ಇದೇ ಕೆಲಸವನ್ನು ಪಿಚ್ಚಗುಂಟ್ಲವರು ಮಾಡುತ್ತಾರೆ. ಗುಳೆ ಬಂದ ಕನ್ನಡದವರು ಎರಡಕ್ಕೂ ಹೊರಗಾದರು: ಹೆಳವ ಗಡಿ ದಾಟಿ ಬರಲಿಲ್ಲ, ಪಿಚ್ಚಗುಂಟ್ಲವನಿಗೆ ಇವರು ಗಿರಾಕಿಗಳಲ್ಲ.

ಗುಳೇದಗುಡ್ಡ ಸುತ್ತಿನ ಒಂದು ಮನೆಗೆ ಹೆಳವ ಬರುವ ಕಾಲ ಕೇಳಿ ತಿಳಿದು, ಅಲ್ಲಿಗೆ ಹೋಗಿ ನಾಲ್ಕು ದಿನ ಕೂತೆ. ಬಂದರು. ಪುಸ್ತಕ ಬಿಚ್ಚಿ ಓದುತ್ತ ಹೋದರು. ಇಬ್ಬರು ಅಣ್ಣತಮ್ಮಂದಿರ ಹೆಸರು ಬಂತು. ಅಣ್ಣನ ಕೆಳಗೆ ಐದು ತಲೆಮಾರು ತುಂಬಿಕೊಂಡಿತ್ತು. ತಮ್ಮನ ಹೆಸರಿನ ಮುಂದೆ ಎರಡೇ ಪದ: "ಮೊಗಲಾಯಿಗೆ ಹೋದ." ಅದರ ಕೆಳಗೆ ಏನೂ ಇಲ್ಲ. ತಮ್ಮನ ಹೆಸರು, ಅವರ ತಂದೆಯ ಹೆಸರು ಎರಡೂ ದಾವೆಯ ಕಾಗದದಲ್ಲಿದ್ದ ಹೆಸರುಗಳೇ.

ಸುದ್ದಿ ತಿಳಿದ ಪೆದ್ದೆಮುಲ್ಲಿನ ಮನೆಯವರು ಒಂದು ಚೀಲ ಜೋಳ, ಧೋತರ, ಒಂದಿಷ್ಟು ರೊಕ್ಕ ಕೊಟ್ಟು ತಮ್ಮ ಹೆಸರುಗಳನ್ನು ಬರೆಸಿದರು. ಹೆಳವರು ಗಂಡಸರ ಹೆಸರಷ್ಟೇ ಬರೆದರು. ಪುಣೆಯ ಹುಡುಗಿ ಫೋನಿನಲ್ಲಿ, "ನನ್ನ ಹೆಸರು?" ಅಂದಳು. "ನಮ್ಮ ಪದ್ಧತಿ ಇಲ್ರಿ ಯವ್ವಾ" ಅಂದರು. ನಾನು ನನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡೆ, ಅವಳದು, ಅವಳ ಅತ್ತೆಯರದು, ಹೆಸರು ಸಿಕ್ಕಷ್ಟು ಹೆಂಗಸರದು.

ಬಾಗಲಕೋಟೆ, ವಿಜಯಪುರ ಕಡೆಯ ಓದುಗರಲ್ಲಿ ಒಂದು ಮಾತು. ಮುಂದಿನ ಸಲ ನಿಮ್ಮ ಮನೆಗೆ ಹೆಳವರು ಬಂದಾಗ ಅವಸರ ಮಾಡಿ ಕಳಿಸಬೇಡಿ. ಹಳೆಯ ಹಾಳೆಗಳಲ್ಲಿ "ಮೊಗಲಾಯಿಗೆ ಹೋದ" ಅಂತ ಯಾರ ಹೆಸರಿನ ಮುಂದಾದರೂ ಇದೆಯಾ ಕೇಳಿ. ಇದ್ದರೆ ಹೆಸರು, ಅವನ ತಂದೆಯ ಹೆಸರು, ಮನೆದೇವರು ಮೂರನ್ನೂ ಬರೆದಿಟ್ಟುಕೊಳ್ಳಿ. ಅವನ ಮನೆಯವರು ತಾಂಡೂರು, ಜಹೀರಾಬಾದ್, ನಾರಾಯಣಖೇಡ ಸುತ್ತಿನಲ್ಲಿ ಎಲ್ಲೋ ಒಂದು ಕಡೆ ಇದ್ದಾರೆ.